ಸಿಯಾಟಲ್‌ನಿಂದ ಹನ್ನೆರಡು ದಿನ: 1979ರ ಚೀನಾ–ವಿಯೆಟ್ನಾಂ ಯುದ್ಧ



ವೈದ್ಯನಾದವನು ಇತಿಹಾಸವನ್ನು ಕುರಿತು ಉಪನ್ಯಾಸ ಮಾಡುವುದು ಅಧಿಕಪ್ರಸಂಗವೆಂದು ತೋರಬಹುದು. ಆದರೆ ಇಂದಿನ ವಿಷಯಕ್ಕೂ ನಾವು ನೆಲೆಸಿರುವ ಈ ಊರಿಗೂ ಒಂದು ನಂಟಿದೆ. ಅದು ನಮ್ಮಲ್ಲಿ ಬಹುಮಂದಿಗೆ ತಿಳಿದಂತಿಲ್ಲವಾದ್ದರಿಂದ ಈ ಧಾರ್ಷ್ಟ್ಯ.

1979ರ ಫೆಬ್ರವರಿ ಮೊದಲ ವಾರದಲ್ಲಿ ಚೀನಾದ ಉಪಪ್ರಧಾನಿ ಡೆಂಗ್ ಶಿಯಾವೊಪಿಂಗ್ ತಮ್ಮ ಅಮೆರಿಕಾ ಪ್ರವಾಸದ ಕೊನೆಯ ಘಟ್ಟವಾಗಿ ಸಿಯಾಟಲ್‌ಗೆ ಬಂದರು. ಎವರೆಟ್ ನಗರದವರೂ ಸೋವಿಯತ್ ವಿರೋಧಕ್ಕೆ ಹೆಸರಾದವರೂ ಆದ ನಮ್ಮ ರಾಜ್ಯದ ಸೆನೆಟರ್ ಹೆನ್ರಿ ಜಾಕ್ಸನ್ ಅವರ ಆತಿಥ್ಯ. ಬೋಯಿಂಗ್ ಕಾರ್ಖಾನೆಯಲ್ಲಿ 747 ವಿಮಾನಗಳ ಜೋಡಣೆಯನ್ನು ಅತಿಥಿಗಳು ವೀಕ್ಷಿಸಿದರು. ಅಂಥ ಮೂರು ವಿಮಾನಗಳಿಗೆ ಚೀನಾ ಕೆಲವೇ ವಾರಗಳ ಹಿಂದೆ ಬೇಡಿಕೆ ಸಲ್ಲಿಸಿತ್ತು. ಇಲ್ಲಿರುವಾಗ ಡೆಂಗ್ ಅವರಿಗೆ ನೆಗಡಿಯಾಗಿತ್ತಂತೆ. (ನಮ್ಮ ಫೆಬ್ರವರಿಯ ಮಳೆ ಯಾರನ್ನೂ ಬಿಡುವುದಿಲ್ಲ!) 5ರಂದು ಅವರು ಹೊರಟರು. ಅಲ್ಲಿಂದ ಹನ್ನೆರಡನೆಯ ದಿನ, 17ರ ಮುಂಜಾನೆ, ಚೀನಾದ ಸೇನೆ ವಿಯೆಟ್ನಾಂ ಗಡಿಯನ್ನು ದಾಟಿತು. ಡೆಂಗ್ ಈ ಉದ್ದೇಶವನ್ನು ವಾಷಿಂಗ್ಟನ್ನಿನಲ್ಲಿ ಅಧ್ಯಕ್ಷ ಕಾರ್ಟರ್ ಅವರಿಗೆ ಮೊದಲೇ ತಿಳಿಸಿದ್ದರು. ಕಾರ್ಟರ್ ಸಂಯಮವನ್ನು ಬೋಧಿಸಿದ್ದರು, ಅಷ್ಟೇ.

ಇದೊಂದು ದಾಯಾದಿ ಕಲಹ. ಫ್ರೆಂಚರ ವಿರುದ್ಧವೂ ಅನಂತರ ಅಮೆರಿಕನ್ನರ ವಿರುದ್ಧವೂ ಹೋರಾಡಿದ ಹನೋಯಿಗೆ ಅಕ್ಕಿಯನ್ನೂ ಬಂದೂಕನ್ನೂ ಕೊಟ್ಟದ್ದು ಬೀಜಿಂಗೇ. 1975ರ ವಿಜಯದ ಬಳಿಕ ಮಾತು ಮುರಿಯಿತು. ವಿಯೆಟ್ನಾಂನಲ್ಲಿದ್ದ ಚೀನೀ ಮೂಲದವರು 1978ರಲ್ಲಿ ಲಕ್ಷಗಟ್ಟಲೆ ಊರುಬಿಟ್ಟರು. ಅದೇ ನವೆಂಬರ್ 3ರಂದು ಹನೋಯಿ ಮಾಸ್ಕೋದೊಡನೆ ಮೈತ್ರಿ ಒಪ್ಪಂದ ಮಾಡಿಕೊಂಡಿತು; ಡಿಸೆಂಬರ್ 25ರಂದು ಅದರ ಸೇನೆ ಕಾಂಬೋಡಿಯಾವನ್ನು ಹೊಕ್ಕು, ಎರಡೇ ವಾರಗಳಲ್ಲಿ ಚೀನಾದ ಆಶ್ರಿತನಾದ ಪೋಲ್ ಪಾಟ್‌ನನ್ನು ರಾಜಧಾನಿಯಿಂದ ಓಡಿಸಿತು. ಆ ಘಾತುಕನ ರಕ್ಷಣೆಗೆ ಯಾರೂ ಕಣ್ಣೀರು ಹಾಕಬೇಕಿಲ್ಲ. ಆದರೆ ಬೀಜಿಂಗಿನ ಕಣ್ಣಿಗೆ ಇದು ಸೋವಿಯತ್ ಮುತ್ತಿಗೆಯಾಗಿ ಕಂಡಿತು.

ಈಗ ನನ್ನನ್ನು ಬಹುಕಾಲ ಕಾಡಿದ ಪ್ರಶ್ನೆಗೆ ಬರುತ್ತೇನೆ. ಮಾಸ್ಕೋ ಉತ್ತರದಿಂದ ಚೀನಾದ ಮೇಲೆ ಬಿದ್ದಿದ್ದರೆ? ಇದು ಬರಿಯ ಕಲ್ಪನಾವಿಲಾಸವಲ್ಲ. 1969ರ ಮಾರ್ಚ್‌ನಲ್ಲಿ ಉಸುರಿ ನದಿಯ ಪುಟ್ಟ ದ್ವೀಪವೊಂದಕ್ಕಾಗಿ ಆ ಎರಡು ಅಣ್ವಸ್ತ್ರ ರಾಷ್ಟ್ರಗಳು ಪರಸ್ಪರ ಗುಂಡು ಹಾರಿಸಿದ್ದವು. ಈ ಬಾರಿಯೂ ಚೀನಾ ತನ್ನ ಉತ್ತರದ ಗಡಿಯಲ್ಲಿ ಸೇನೆಯನ್ನು ಸನ್ನದ್ಧವಾಗಿಟ್ಟು, ಗಡಿಯಂಚಿನ ಜನರನ್ನು ತೆರವು ಮಾಡಿಸಿತ್ತು. ಮಾಸ್ಕೋ ಆಯುಧಗಳನ್ನೂ ಸಲಹೆಗಾರರನ್ನೂ ಕಳುಹಿಸಿತೇ ಹೊರತು ಯುದ್ಧಕ್ಕಿಳಿಯಲಿಲ್ಲ. ಒಪ್ಪಂದದಲ್ಲಿಯೂ ಆಕ್ರಮಣವಾದರೆ ಪರಸ್ಪರ ಸಮಾಲೋಚಿಸತಕ್ಕದ್ದೆಂದಿತ್ತೇ ಹೊರತು, ಯುದ್ಧಕ್ಕೆ ಧಾವಿಸಲೇಬೇಕೆಂಬ ಮಾತು ಇರಲಿಲ್ಲ. ಯುದ್ಧ ಅಲ್ಪಾವಧಿಯದು, ಸೀಮಿತವಾದದ್ದು ಎಂದು ಡೆಂಗ್ ಮೊದಲೇ ಸಾರಿದ್ದರು. ಎರಡೂ ಕಡೆಯ ವಾಯುಪಡೆಗಳು ಕಾಳಗದಿಂದ ದೂರ ಉಳಿದವು.

ನನ್ನ ಮಟ್ಟಿಗೆ ನಿಜವಾದ ಅಪಾಯದ ದಿನ ಮಾರ್ಚ್ 5. ಮನೆಮನೆಯ ಕಾದಾಟದ ಬಳಿಕ ಲಾಂಗ್ ಸೋನ್ ಪಟ್ಟಣ ಚೀನೀಯರ ವಶವಾಗಿತ್ತು. ಅಲ್ಲಿಂದ ಹನೋಯಿಗೆ ಸುಮಾರು 150 ಕಿಲೋಮೀಟರ್. ಅದುವರೆಗೆ ಗಡಿಯನ್ನು ಕಾದವರಲ್ಲಿ ಸ್ಥಳೀಯ ಪಡೆಗಳೂ ಜನಸೇನೆಯವರೂ ಹೆಚ್ಚು. ಪಳಗಿದ ತುಕಡಿಗಳು ಅನೇಕ ಕಾಂಬೋಡಿಯಾದಲ್ಲಿದ್ದವು. ಅಂದು ಹನೋಯಿ ರಾಷ್ಟ್ರವ್ಯಾಪಿ ಸೈನ್ಯಸಜ್ಜಿಕೆಯ ಆಜ್ಞೆ ಹೊರಡಿಸಿತು. ಅದೇ ದಿನ ಬೀಜಿಂಗ್ ಹಿಂತೆಗೆತವನ್ನು ಪ್ರಕಟಿಸಿತು. ಚೀನೀ ಸೇನಾಪತಿಗಳು ಮುಂದಿನ ದಾರಿ ಬಯಲಿನದೆಂದು ಆಸೆಪಟ್ಟಿದ್ದರೆ, ಮಾಸ್ಕೋ ಸುಮ್ಮನಿರುವುದು ಅಸಾಧ್ಯವಾಗುತ್ತಿತ್ತೆಂದೇ ನನ್ನ ಭಾವನೆ. ಮಾರ್ಚ್ 16ಕ್ಕೆ ಹಿಂತೆಗೆತ ಮುಗಿಯಿತು. ಮರಳುವ ದಾರಿಯುದ್ದಕ್ಕೂ ಸೇತುವೆ, ಕಟ್ಟಡಗಳನ್ನು ಸಿಡಿಸುತ್ತ ಹೋದರು. ಸತ್ತವರ ಲೆಕ್ಕದಲ್ಲಿ ಎರಡು ಸರ್ಕಾರಗಳಿಗೂ ಒಮ್ಮತವಿಲ್ಲ. ಸಾವಿರಾರು ಎಂಬುದರಲ್ಲಿ ಮಾತ್ರ ಸಂಶಯವಿಲ್ಲ.

ಭಾರತೀಯರಿಗೆ ಇದರಲ್ಲಿ ಬೇರೊಂದು ಕಹಿಯಿದೆ. 1962ರ ಅನಂತರ ಚೀನಾಕ್ಕೆ ಹೋದ ನಮ್ಮ ಮೊದಲ ವಿದೇಶಾಂಗ ಸಚಿವರಾದ ಅಟಲ್ ಬಿಹಾರಿ ವಾಜಪೇಯಿಯವರು ಆಗ ಅಲ್ಲಿಯೇ ಇದ್ದರು. ಅತಿಥಿ ಮನೆಯಲ್ಲಿರುವಾಗಲೇ ನೆರೆಯವನ ಮೇಲೆ ಕೈಮಾಡಿದ ಆತಿಥೇಯರನ್ನು ಬಿಟ್ಟು, ಭೇಟಿಯನ್ನು ಮೊಟಕುಗೊಳಿಸಿ ಅವರು ಮರಳಿದರು. 1962ರಲ್ಲಿ ಭಾರತಕ್ಕೆ ಕಲಿಸಿದಂಥ ಪಾಠವೆಂಬ ಹೋಲಿಕೆ ಚೀನಾದ ಕಡೆಯಿಂದ ಕೇಳಿಬಂದದ್ದು ಗಾಯಕ್ಕೆ ಉಪ್ಪು ಸವರಿದಂತಾಯಿತು.

ಆ ಪಾಠವನ್ನು ವಿಯೆಟ್ನಾಂ ಕಲಿತದ್ದೂ ಕಾಣೆ. ಅದರ ಸೇನೆ ಕಾಂಬೋಡಿಯಾವನ್ನು ಬಿಟ್ಟದ್ದು 1989ರಲ್ಲಿ. ಅಷ್ಟರವರೆಗೂ ಉತ್ತರದ ಗುಡ್ಡಗಳಲ್ಲಿ ಫಿರಂಗಿಗಳು ಮೊಳಗುತ್ತಲೇ ಇದ್ದವು. ಸಂಬಂಧ ಸುಧಾರಿಸಿದ್ದು 1991ರಲ್ಲಿ, ಭೂಗಡಿಯ ಒಪ್ಪಂದವಾದದ್ದು 1999ರಲ್ಲಿ. ಸಿಯಾಟಲ್ ಮಾತ್ರ ಕಾಯಬೇಕಾಗಲಿಲ್ಲ. ಹಿಂತೆಗೆತ ಮುಗಿದು ಐದು ವಾರ ತುಂಬುವ ಮುನ್ನ, 1979ರ ಏಪ್ರಿಲ್ 18ರಂದು, ‘ಲಿಯು ಲಿನ್ ಹಾಯ್’ ಎಂಬ ಹಡಗು ನಮ್ಮ ಬಂದರಿಗೆ ಬಂದಿತು. ಮೂವತ್ತು ವರ್ಷಗಳಲ್ಲಿ ಅಮೆರಿಕಾ ಮುಟ್ಟಿದ ಮೊದಲ ಚೀನೀ ಹಡಗು ಅದು. ದಡದಲ್ಲಿ ಸ್ವಾಗತಕ್ಕೆ ಜನ ಸೇರಿದ್ದರು.