ಕನ್ನಡದ ಗೀತನಾಟಕ: ಕರ್ಕಿಯ ಮೇಳದಿಂದ ಪು.ತಿ.ನ. ತನಕ

ಕಥೆಯನ್ನು ಹಾಡಿನ ಮೂಲಕವೇ ನಡೆಸುವ ನಾಟಕಕ್ಕೆ ಯುರೋಪಿನಲ್ಲಿ ಆಪೆರಾ ಎಂದು ಹೆಸರು. ಪ್ರಾಚೀನ ಗ್ರೀಕ್ ರುದ್ರನಾಟಕಕ್ಕೆ ಮರುಜೀವ ಕೊಡಲು ಹೊರಟ ಫ್ಲಾರೆನ್ಸ್ ನಗರದ ವಿದ್ವಾಂಸರು 16ನೆಯ ಶತಮಾನದ ಕೊನೆಗೆ ಅದನ್ನು ಹುಟ್ಟುಹಾಕಿದರು. ಮಾಂಟೆವರ್ದಿಯ ‘ಆರ್ಫಿಯೋ’ (1607), ಮೋಟ್ಸಾರ್ಟನ ‘ಫಿಗರೋನ ಮದುವೆ’ (1786), ವರ್ದಿಯ ‘ಲಾ ತ್ರಾವಿಯಾತಾ’ (1853), ಬಿಜೆಯ ‘ಕಾರ್ಮೆನ್’ (1875) ಇಂದಿಗೂ ಜಗತ್ತಿನ ರಂಗಮಂದಿರಗಳನ್ನು ತುಂಬಿಸುತ್ತವೆ. ಇವೆಲ್ಲವೂ ಸಂಗೀತ ರಚಿಸಿದವನ ಕೃತಿಗಳೆಂದೇ ಪ್ರಸಿದ್ಧ. ಸಾಹಿತ್ಯ ಬರೆದವನ ಹೆಸರು ಬಲ್ಲವರು ಕಡಿಮೆ. ಕನ್ನಡದಲ್ಲಿ ಆದದ್ದೇ ಬೇರೆ. ಇಲ್ಲಿ ಕೃತಿಯ ಒಡೆತನ ಮೊದಲು ಮೇಳಕ್ಕೆ, ಆಮೇಲೆ ನಟನಿಗೆ, ಕೊನೆಗೆ ಕವಿಗೆ ಸಂದಿತು.

ಯಕ್ಷಗಾನದಲ್ಲಿ ಹಾಡುವವನು ಭಾಗವತ. ವೇಷಧಾರಿ ಕುಣಿಯುತ್ತಾನೆ, ಹಾಡಿನ ಅರ್ಥವನ್ನು ಮಾತಿನಲ್ಲಿ ಬೆಳೆಸುತ್ತಾನೆ. ಉತ್ತರ ಕನ್ನಡದ ಕರ್ಕಿಯ ಭಾಗವತರ ಮೇಳ 1842ರ ಸುಮಾರಿಗೆ ಸಾಂಗ್ಲಿಗೆ ಹೋಗಿ ಆಟ ಆಡಿತು. ಅದನ್ನು ಕಂಡ ಅಲ್ಲಿನ ರಾಜ ಅಂಥದೇ ಆಟವನ್ನು ಮರಾಠಿಯಲ್ಲಿ ಕಟ್ಟಲು ವಿಷ್ಣುದಾಸ ಭಾವೆಗೆ ಹೇಳಿದ. 1843ರ ‘ಸೀತಾ ಸ್ವಯಂವರ’ ಹೀಗೆ ಹುಟ್ಟಿತು. ಮರಾಠಿ ರಂಗಭೂಮಿ ತನ್ನ ಆರಂಭವನ್ನು ಎಣಿಸುವುದು ಅಲ್ಲಿಂದಲೇ. ಇತ್ತ ಕೃಷ್ಣಾ, ಘಟಪ್ರಭಾ ನದಿಗಳ ಸೀಮೆಯಲ್ಲಿ ‘ಶ್ರೀಕೃಷ್ಣ ಪಾರಿಜಾತ’ ಬೆಳೆದಿತ್ತು. ಅಪರಾಳ ತಮ್ಮಣ್ಣನ ರಚನೆಯನ್ನು ಕುಲಗೋಡ ತಮ್ಮಣ್ಣ ಆಟಕ್ಕೆ ಅಳವಡಿಸಿದ. ಒಂದು ಹೂವಿಗಾಗಿ ರುಕ್ಮಿಣಿಯ ಮೇಲೆ ಸತ್ಯಭಾಮೆ ಮುನಿಯುವುದೇ ಇದರ ವಸ್ತು. ಪಾತ್ರಗಳು ತಾವೇ ಹಾಡುವುದರಿಂದ ಜಾನಪದ ಪ್ರಕಾರಗಳಲ್ಲಿ ಆಪೆರಾಕ್ಕೆ ತೀರ ಹತ್ತಿರದ್ದು ಇದೇ. 20ನೆಯ ಶತಮಾನದಲ್ಲಿ ಇದನ್ನು ಮನೆಮಾತಾಗಿಸಿದವರು ಕೌಜಲಗಿ ನಿಂಗಮ್ಮ.

1880ರಲ್ಲಿ ಪುಣೆಯಲ್ಲಿ ಮರಾಠಿಯ ‘ಸಂಗೀತ ಶಾಕುಂತಲ’ ಆಡಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರ್ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಅವರ ಹಾಡುಗಳಲ್ಲಿ ಕನ್ನಡದ ಮಟ್ಟುಗಳೂ ಸೇರಿದ್ದವು. ಸಾಲವಾಗಿ ಹೋದದ್ದು ಪೈಪೋಟಿಯಾಗಿ ಮರಳಿತು ಎನ್ನಬೇಕು. ಮರಾಠಿ ಕಂಪನಿಗಳ ಅಬ್ಬರದ ನಡುವೆ ಗದಗಿನಲ್ಲಿ ಶಾಂತಕವಿ ಸಕ್ಕರಿ ಬಾಳಾಚಾರ್ಯರು ಕನ್ನಡ ನಾಟಕ ಮಂಡಳಿ ಕಟ್ಟಿ ‘ಉಷಾಹರಣ’ ಬರೆದರು. ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿ ಬಸವಪ್ಪ ಶಾಸ್ತ್ರಿಗಳ ‘ಶಾಕುಂತಲ’ ರಂಗಕ್ಕೆ ಬಂತು. 1884ರಲ್ಲಿ ಗುಬ್ಬಿ ಕಂಪನಿ ಹುಟ್ಟಿತು.

ಕಂಪನಿ ನಾಟಕ ನಿಂತಿದ್ದು ಗಾಯಕ ನಟನ ಗಂಟಲಿನ ಮೇಲೆ. ಎ.ವಿ. ವರದಾಚಾರ್ಯರ ಕಂದ, ವೃತ್ತಗಳನ್ನು ಕೇಳಲೆಂದೇ ಜನ ಬರುತ್ತಿದ್ದರು. ‘ವನ್ಸ್ ಮೋರ್’ ಎಂಬ ಕೂಗು ಎದ್ದರೆ ಸಾಯುತ್ತಿರುವ ಪಾತ್ರವೂ ಎದ್ದು ಕೂತು ಹಾಡಬೇಕಿತ್ತು. ಪಾರ್ಸಿ, ಮರಾಠಿ ನಾಟಕಗಳ ಮಟ್ಟುಗಳಿಗೆ ಕವಿ ಕನ್ನಡದ ಮಾತು ಕೂರಿಸುತ್ತಿದ್ದ. ಲೆಗ್ ಹಾರ್ಮೋನಿಯಂ ನುಡಿಸುವ ಮೇಷ್ಟ್ರು ಇಡೀ ಪ್ರಯೋಗವನ್ನು ಕಾಯುತ್ತಿದ್ದರು. ಕನ್ನಡ ರಂಗಗೀತೆಗಳ ದೊಡ್ಡ ಭಂಡಾರ ತುಂಬಿದ್ದು ಹೀಗೆ. ಆದರೆ ಇವು ಹಾಡುಗಳಿದ್ದ ನಾಟಕಗಳೇ ಹೊರತು ಹಾಡಿನಿಂದಲೇ ಆದ ನಾಟಕಗಳಲ್ಲ. ಮುಂದೆ ಕೈಲಾಸಂ, ಶ್ರೀರಂಗರ ಆಧುನಿಕ ನಾಟಕ ಗದ್ಯ ಸಂಭಾಷಣೆಯನ್ನು ನೆಚ್ಚಿತು. 1934ರಲ್ಲಿ ‘ಸತಿ ಸುಲೋಚನ’ ಚಲನಚಿತ್ರ ಬಂದ ಮೇಲೆ ಹಾಡು ಟಾಕಿಯ ಪಾಲಾಗತೊಡಗಿತು.

ಗೀತನಾಟಕವನ್ನು ಪ್ರಜ್ಞಾಪೂರ್ವಕವಾಗಿ ಬರೆದವರು ಈ ಹಿನ್ನೆಲೆಯಲ್ಲಿ ಬಂದರು. ಶಿವರಾಮ ಕಾರಂತರು ‘ಮುಕ್ತದ್ವಾರ’, ‘ಕಿಸಾ ಗೋತಮಿ’ಗಳಲ್ಲಿ ಪ್ರಯೋಗ ನಡೆಸಿದರು. ಪ್ರಕಾರಕ್ಕೆ ಕಾವ್ಯದ ಘನತೆ ತಂದವರು ಮೇಲುಕೋಟೆಯ ಪು.ತಿ. ನರಸಿಂಹಾಚಾರ್ (ಪು.ತಿ.ನ.). ಮೈಸೂರು ಸಂಸ್ಥಾನದ ಸೈನ್ಯದ ಕಚೇರಿಯಲ್ಲಿ ನೌಕರಿಯಲ್ಲಿದ್ದ ಈ ಕವಿ 1941ರಲ್ಲಿ ‘ಅಹಲ್ಯೆ’, 1945ರಲ್ಲಿ ‘ಗೋಕುಲ ನಿರ್ಗಮನ’ ಪ್ರಕಟಿಸಿದರು. ಪದ್ಯ ಹೊಸೆದು ಇತರರ ಕೈಗೆ ಕೊಟ್ಟು ಸುಮ್ಮನಾದವರಲ್ಲ. ಯಾವ ಭಾವಕ್ಕೆ ಯಾವ ರಾಗ ಎಂಬುದನ್ನು ತಾವೇ ಯೋಚಿಸಿದರು, ಹೊಸ ರಾಗಗಳನ್ನೂ ಕಲ್ಪಿಸಿದರು. ‘ಗೋಕುಲ ನಿರ್ಗಮನ’ದ ಕಥೆ ಸಣ್ಣದು: ಅಕ್ರೂರ ಬರುತ್ತಾನೆ, ಕೃಷ್ಣ ಮಥುರೆಗೆ ಹೊರಡುತ್ತಾನೆ, ಗೋಪಿಯರು ಉಳಿಯುತ್ತಾರೆ. ಕೊಳಲಿನ ಬದುಕು ಮುಗಿದು ರಾಜಕಾರಣದ ಬದುಕು ಶುರುವಾಗುವ ಆ ಒಂದು ಗಳಿಗೆಯನ್ನು ಹಿಡಿದು ನಿಲ್ಲಿಸಲು ಸಂಭಾಷಣೆ ಸಾಲದು, ಹಾಡೇ ಬೇಕು. ಕನ್ನಡದ ಗೀತನಾಟಕಗಳಲ್ಲಿ ಇದಕ್ಕೆ ಸಮನಾದದ್ದು ಇನ್ನೊಂದಿಲ್ಲ. ‘ಹಂಸ ದಮಯಂತಿ ಮತ್ತು ಇತರ ರೂಪಕಗಳು’ ಸಂಗ್ರಹಕ್ಕೆ 1966ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಪ್ರಶಸ್ತಿ ಬಂದರೂ ರಂಗದ ಮೇಲೆ ಈ ಕೃತಿಗಳಿಗೆ ತಕ್ಕ ಕೈ ಬೇಕಿತ್ತು. ಅದು ಬಿ.ವಿ. ಕಾರಂತರದು. ಹುಡುಗನಾಗಿ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದ್ದ, ಮುಂದೆ ಕಾಶಿಯಲ್ಲಿ ಓಂಕಾರನಾಥ ಠಾಕೂರರ ಬಳಿ ಹಿಂದೂಸ್ತಾನಿ ಸಂಗೀತ ಕಲಿತ ಕಾರಂತರಿಗೆ ಕಂಪನಿಯ ಮಟ್ಟೂ ಗೊತ್ತಿತ್ತು, ರಾಗವೂ ಗೊತ್ತಿತ್ತು. ಬೆಂಗಳೂರಿನ ಬೆನಕ ತಂಡಕ್ಕೆ ಅವರು ನಿರ್ದೇಶಿಸಿದ ‘ಗೋಕುಲ ನಿರ್ಗಮನ’ ಓದುವ ಕೃತಿಯನ್ನು ನೋಡುವ ಕೃತಿಯಾಗಿಸಿತು. ಕನ್ನಡದಲ್ಲಿ ಆಪೆರಾ ಸಂಗೀತಗಾರನ ಸ್ಥಾನಕ್ಕೆ ಯಾರಾದರೂ ಹತ್ತಿರ ಬಂದಿದ್ದರೆ ಅದು ಕಾರಂತರೇ.

ಆದರೂ ಬೆನಕದ ಊರಾದ ಬೆಂಗಳೂರಿನಲ್ಲೇ ಗೀತನಾಟಕಕ್ಕೆ ನೆಲೆ ಸಿಗಲಿಲ್ಲ. ದಕ್ಷಿಣ ಬೆಂಗಳೂರಿನ ಪದ್ಮನಾಭನಗರ, ಬನಶಂಕರಿ, ಜಯನಗರಗಳ ರಸಿಕರು ನಾಟಕಕ್ಕೆ ಬಹುಕಾಲ ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರಕ್ಕೇ ಹೋಗಬೇಕಿತ್ತು. ಹನುಮಂತನಗರದ ಕೆ.ಎಚ್. ಕಲಾಸೌಧ, 2004ರಲ್ಲಿ ಜೆ.ಪಿ. ನಗರದಲ್ಲಿ ತೆರೆದ ರಂಗಶಂಕರ ಆ ದೂರ ತಗ್ಗಿಸಿದವು. ಸಂಗೀತಕ್ಕೆ 1905ರಷ್ಟು ಹಳೆಯ ಗಾಯನ ಸಮಾಜವಿದೆ, ಬಡಾವಣೆಗೊಂದು ರಾಮೋತ್ಸವದ ಪೆಂಡಾಲೂ ಇದೆ. ಕಛೇರಿಯ ವೇದಿಕೆ ಒಂದು ಕಡೆ, ನಾಟಕದ ವೇದಿಕೆ ಇನ್ನೊಂದು ಕಡೆ ಉಳಿದಿರುವುದರಿಂದ ಎರಡೂ ಬಲ್ಲವರನ್ನು ಬೇಡುವ ಗೀತನಾಟಕ ಎರಡಕ್ಕೂ ಹೊರಗಾಗಿದೆ. ಪು.ತಿ.ನ. ಅವರ ರೂಪಕಗಳಲ್ಲಿ ಹೆಚ್ಚಿನವು ಈಗಲೂ ಪುಸ್ತಕದಲ್ಲಿವೆ, ರಂಗದ ಮೇಲಿಲ್ಲ.