ಮರಳಿನ ಮೇಲೆ ಮೊದಲ ಅಕ್ಷರ



ಬೀರೂರಿನಿಂದ ಹುಬ್ಬಳ್ಳಿಯ ಕಡೆಗೆ ಹೊರಟ ರೈಲು ಸ್ವಲ್ಪ ಹೊತ್ತಿನಲ್ಲೇ ಅಜ್ಜಂಪುರವನ್ನು ಮುಟ್ಟುತ್ತದೆ. ಅಮೃತ ಮಹಲ್ ದನಗಳಿಗೆ ಹೆಸರಾದ ಈ ಸೀಮೆಯಲ್ಲೇ ಅಂತರಘಟ್ಟೆ ಇದೆ. ದುರ್ಗಾಂಬೆಯ ಜಾತ್ರೆಗೆ ಎತ್ತಿನ ಗಾಡಿಗಳು ಸಾಲುಗಟ್ಟಿ ಬರುವ ಊರು ಅದು. ಆ ಗಾಡಿ ಹೊಡೆಯುವ ರೈತನ ಮಗನೂ ಮಗಳೂ ಇಂದು ಬೆನ್ನಿಗೆ ಚೀಲ ಹಾಕಿಕೊಂಡು ಶಾಲೆಗೆ ಹೋಗುತ್ತಾರೆ. ನಮ್ಮ ಕಣ್ಣಿಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಆದರೆ ಇನ್ನೂರು ವರ್ಷಗಳ ಹಿಂದೆ ಇಂಥ ಒಂದು ಹಳ್ಳಿಯ ಮಗು ಅಕ್ಷರ ಕಲಿಯಬೇಕಾದರೆ ಎಲ್ಲಿ ಕೂರಬೇಕಾಗಿತ್ತು? ಏನನ್ನು ಓದಬೇಕಾಗಿತ್ತು? ಓದಿದ್ದು ಅದಕ್ಕೆ ಅರ್ಥವಾಗುತ್ತಿತ್ತೇ? ಶಾಲೆ ನಡೆಸುವುದನ್ನು ತನ್ನ ಸೇವೆಯೆಂದು ತಿಳಿದ ಧರ್ಮಸಭೆ ಆಗಾಗ ಈ ಪ್ರಶ್ನೆಗಳ ಕಡೆಗೆ ಹಿಂದಿರುಗಿ ನೋಡುವುದು ಒಳ್ಳೆಯದು.

ಕನ್ನಡ ನಾಡಿನ ಹಳೆಯ ಶಾಲೆಗಳ ಒಳಗನ್ನು ಕಣ್ಣಿಗೆ ಕಟ್ಟುವಂತೆ ತೋರಿಸುವ ಒಂದು ದಾಖಲೆ ಬಳ್ಳಾರಿಯದು. ಅಲ್ಲಿ ಕಲೆಕ್ಟರ್ ಆಗಿದ್ದ ಎ. ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಮದ್ರಾಸ್ ಸರಕಾರಕ್ಕೆ ಒಂದು ವರದಿ ಕಳುಹಿಸಿದ. ಅದರ ಪ್ರಕಾರ ಜಿಲ್ಲೆಯ ಜನಸಂಖ್ಯೆ 9,27,857, ಶಾಲೆಗಳು 533, ಕಲಿಯುತ್ತಿದ್ದವರು 6,641 ಮಂದಿ. ಅಂದರೆ ಸುಮಾರು 140 ಜನರಲ್ಲಿ ಒಬ್ಬರು. ಆ 533ರಲ್ಲಿ ಕನ್ನಡದ ಶಾಲೆಗಳು 235, ತೆಲುಗಿನವು 226. ಹುಡುಗಿಯರು ಎಷ್ಟು? ಇಡೀ ಜಿಲ್ಲೆಗೆ 60 ಮಾತ್ರ.

ಈ ಶಾಲೆಗಳನ್ನು ನಮ್ಮ ಹಿರಿಯರು ಕೂಲಿಮಠ ಎಂದೂ ಐಗಳ ಮಠ ಎಂದೂ ಕರೆಯುತ್ತಿದ್ದರು. ಮಗು ಐದನೆಯ ವರ್ಷಕ್ಕೆ ಕಾಲಿಟ್ಟಾಗ ಒಳ್ಳೆಯ ದಿನ ನೋಡಿ, ಗಣಪತಿಯನ್ನು ಪೂಜಿಸಿ, ಅಕ್ಕಿಯ ಮೇಲೆ ಮೊದಲ ಅಕ್ಷರ ತೀಡಿಸುವರು. ಶಾಲೆ ಬೆಳಿಗ್ಗೆ ಆರಕ್ಕೆ ಆರಂಭ. ನಡುವೆ ಊಟಕ್ಕೆ ಬಿಟ್ಟು, ಮತ್ತೆ ಕತ್ತಲಾಗುವವರೆಗೆ ಪಾಠ. ಎಲ್ಲರಿಗಿಂತ ಮೊದಲು ಬಂದ ಮಗುವಿನ ಅಂಗೈಯಲ್ಲಿ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನಿಗೆ ಒಂದು ಸೊನ್ನೆ. ಮೂರನೆಯವನಿಗೆ ಬೆತ್ತದಿಂದ ಮೆಲ್ಲನೆ ಒಂದು ಏಟು, ನಾಲ್ಕನೆಯವನಿಗೆ ಎರಡು. ಹೀಗೆ ತಡವಾದಷ್ಟೂ ಏಟು ಹೆಚ್ಚು. ಸೋಮಾರಿಗಳಿಗೆ ಬಸ್ಕಿ, ಇನ್ನೂ ಮೀರಿದರೆ ಕೈಗಳನ್ನು ಕಟ್ಟಿ ಸೂರಿಗೆ ತೂಗುಹಾಕುವ ಶಿಕ್ಷೆ. ಅದಕ್ಕೆ ನಮ್ಮಲ್ಲಿ ಕೋದಂಡ ಎಂದು ಹೆಸರು.

ಬರೆಯಲು ಮೊದಲು ಮರಳು. ನೆಲದ ಮೇಲೆ ಮರಳು ಹರಡಿ ಬೆರಳಿನಿಂದ ಅಕ್ಷರ ತೀಡುವುದು, ಅಳಿಸುವುದು, ಮತ್ತೆ ತೀಡುವುದು. ಕೈ ಕುದುರಿದ ಮೇಲೆ ತಾಳೆಗರಿ ಮತ್ತು ಕಬ್ಬಿಣದ ಕಂಟ, ಇಲ್ಲವೇ ಹಲಗೆ, ಕಡತ ಮತ್ತು ಬಳಪ. ಅಂಟು ಹಾಗೂ ಇದ್ದಿಲ ಪುಡಿ ಸವರಿದ ಬಟ್ಟೆಯನ್ನು ಪುಸ್ತಕದಂತೆ ಮಡಿಸಿದರೆ ಅದೇ ಕಡತ. ಒರೆಸಿ ಒರೆಸಿ ಎಷ್ಟು ಸಲ ಬೇಕಾದರೂ ಬರೆಯಬಹುದು. ಕಾಗದ ದುಬಾರಿಯಾಗಿದ್ದ ಕಾಲದಲ್ಲಿ ಬಡವನೂ ಭರಿಸಬಹುದಾದ ವಿಧಾನವಿದು. ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡುತ್ತಿದ್ದರು. ಹೀಗಾಗಿ ಒಬ್ಬನೇ ಉಪಾಧ್ಯಾಯ ಹಲವು ತರಗತಿಗಳನ್ನು ನಡೆಸಬಹುದಾಗಿತ್ತು. ಈ ಕ್ರಮವನ್ನು ಕ್ಯಾಂಪ್‌ಬೆಲ್ ಮನಸಾರೆ ಮೆಚ್ಚಿಕೊಂಡಿದ್ದಾನೆ. ಇದಕ್ಕೂ ಮೊದಲೇ ಮದ್ರಾಸಿನ ಅನಾಥಾಲಯದ ಮೇಲ್ವಿಚಾರಕನಾಗಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಇದೇ ಕ್ರಮವನ್ನು ಅಳವಡಿಸಿಕೊಂಡು ಇಂಗ್ಲೆಂಡಿಗೆ ಒಯ್ದಿದ್ದ. ನಮ್ಮ ಹಳ್ಳಿಯ ಜಗಲಿಯ ಪಾಠಕ್ರಮ ಲಂಡನ್ನಿನ ಬಡಮಕ್ಕಳ ಶಾಲೆಗೆ ತಲುಪಿತ್ತು! ವಿದ್ಯೆ ಎಂದರೆ ಹೊರಗಿನಿಂದ ನಮಗೆ ಬಂದದ್ದು ಮಾತ್ರ ಎಂದು ಯಾರೂ ತಿಳಿಯಬಾರದು.

ಆದರೆ ಅದೇ ವರದಿ ಎರಡು ಕೊರತೆಗಳನ್ನೂ ಹೇಳುತ್ತದೆ. ಮೊದಲನೆಯದು, ಮಕ್ಕಳು ಬಾಯಿಪಾಠ ಮಾಡುತ್ತಿದ್ದ ಕಾವ್ಯಗಳ ಭಾಷೆ ಆಡುಮಾತಿಗೆ ಬಹುದೂರ. ಎಷ್ಟೋ ಕಡೆ ಕಲಿಸುವವನಿಗೂ ಅದರ ಅರ್ಥ ತಿಳಿಯದು. ಮಗು ಗಿಳಿಯಂತೆ ಒಪ್ಪಿಸುತ್ತಿತ್ತು. ಎರಡನೆಯದು ಬಡತನ. ಇಂಗ್ಲೆಂಡಿನ ಬಟ್ಟೆ ಬಂದು ನೇಕಾರರ ಮಗ್ಗಗಳು ನಿಂತವು. ನಾಡಿನ ಹಣ ಹೊರಗೆ ಹರಿಯಿತು. ಗುರುಗಳಿಗೆ ಕೊಡುವ ಕೂಲಿಗೂ ಗತಿಯಿಲ್ಲದೆ ತಂದೆತಾಯಂದಿರು ಎಳೆಯ ಮಕ್ಕಳನ್ನು ದುಡಿಮೆಗೆ ಹಚ್ಚಿದರು. ಕಂಪೆನಿಯ ಅಧಿಕಾರಿಯೊಬ್ಬ ತನ್ನ ಸರಕಾರಕ್ಕೇ ಹೀಗೆ ಬರೆದ ಎಂಬುದನ್ನು ಗಮನಿಸಬೇಕು.

ಕ್ರೈಸ್ತ ಶಾಲೆಗಳು ಹುಟ್ಟಿದ್ದು ಇಂಥ ಕಾಲದಲ್ಲಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಬಾಸೆಲ್ ಮಿಷನ್ನಿನ ಮೂವರು 1834ರಲ್ಲಿ ಮಂಗಳೂರಿಗೆ ಬಂದು, 1836ರಲ್ಲಿ ಅಲ್ಲಿ ಕನ್ನಡ ಶಾಲೆ ತೆರೆದರು. ಅಜ್ಜಂಪುರದಿಂದ ಬೆಂಗಳೂರಿಗೆ ಹೋಗುವ ರೈಲುದಾರಿಯಲ್ಲೇ ಸಿಗುವ ಗುಬ್ಬಿಯಲ್ಲಿ 1837ರಲ್ಲಿ ವೆಸ್ಲಿಯನ್ ಮಿಷನ್ನಿನವರು ನೆಲೆಯೂರಿದರು. ಇವರೆಲ್ಲ ನಮ್ಮ ಪ್ರೊಟೆಸ್ಟೆಂಟ್ ಸಹೋದರರು. ಕನ್ನಡ ಪ್ರಾಥಮಿಕ ಶಾಲೆಯ ಮಟ್ಟಿಗೆ ಅವರ ದುಡಿಮೆ ದೊಡ್ಡದೆಂದು ನಾವು ಸಂತೋಷದಿಂದ ಒಪ್ಪಿಕೊಳ್ಳಬೇಕು.

ಈ ಶಾಲೆಗಳು ಊರಿನ ಪದ್ಧತಿಯನ್ನು ಕಿತ್ತೊಗೆಯಲಿಲ್ಲ. ಪಾಠ ಹೇಳುತ್ತಿದ್ದವರಲ್ಲಿ ಎಷ್ಟೋ ಮಂದಿ ಊರಿನ ಉಪಾಧ್ಯಾಯರೇ. ಮಗ್ಗಿ ಅದೇ, ರಾಗವಾಗಿ ಒಪ್ಪಿಸುವ ಕ್ರಮವೂ ಅದೇ. ಹೊಸದಾಗಿ ಸೇರಿದ್ದು ಅಚ್ಚಾದ ಪುಸ್ತಕ. ಮಂಗಳೂರಿನಲ್ಲಿ 1841ರಲ್ಲಿ ಬಾಸೆಲ್ ಮಿಷನ್ ಮುದ್ರಣಾಲಯ ಆರಂಭವಾಯಿತು. ಮೊದಲು ಕಲ್ಲಚ್ಚಿನಲ್ಲಿ ಮುದ್ರಣ. ಹೆರ್ಮನ್ ಮೊಗ್ಲಿಂಗ್ 1843ರಲ್ಲಿ ಹೊರಡಿಸಿದ ‘ಮಂಗಳೂರ ಸಮಾಚಾರ’ವೂ ಹಾಗೆಯೇ ಅಚ್ಚಾಯಿತು. ಗದ್ಯದಲ್ಲಿ, ಮಗುವಿನ ಮಾತಿಗೆ ಹತ್ತಿರವಾದ ಕನ್ನಡದಲ್ಲಿ ಪಾಠಗಳು ಬರತೊಡಗಿದವು. ತಾನು ಓದಿದ್ದು ತನಗೇ ತಿಳಿಯುವ ಸಂತೋಷ ಮಗುವಿಗೆ ಸಿಕ್ಕಿತು. ಇದು ಸಣ್ಣ ಬದಲಾವಣೆಯಲ್ಲ.

ಕಥೋಲಿಕರಾದ ನಮಗೂ ಕನ್ನಡದ ನಂಟು ಹಳೆಯದು. ಹದಿನೇಳನೆಯ ಶತಮಾನದಲ್ಲೇ ಶ್ರೀರಂಗಪಟ್ಟಣಕ್ಕೆ ಬಂದ ಯೇಸುಸಭೆಯ ಲಿಯೊನಾರ್ಡೊ ಚಿನ್ನಮಿ ಸ್ವಾಮಿಗಳು ಕನ್ನಡ ಕಲಿತು ಕನ್ನಡ ವ್ಯಾಕರಣವನ್ನೂ ಧರ್ಮೋಪದೇಶವನ್ನೂ ಬರೆದರು. ಮೈಸೂರಿನ ಧರ್ಮಾಧ್ಯಕ್ಷರಾದ ಶಾರ್ಬೊನೊ ಅವರ ಕಾಲದಲ್ಲಿ, 1855ರಲ್ಲಿ, ಬೆಂಗಳೂರಿನಲ್ಲಿ ಕನ್ನಡ–ಲ್ಯಾಟಿನ್ ನಿಘಂಟು ಅಚ್ಚಾಯಿತು. ಹೆಣ್ಣುಮಕ್ಕಳ ಶಿಕ್ಷಣಕ್ಕಾಗಿ 1854ರಲ್ಲಿ ಗುಡ್ ಶೆಫರ್ಡ್ ಭಗಿನಿಯರು ಬೆಂಗಳೂರಿಗೂ, 1870ರಲ್ಲಿ ಕಾರ್ಮೆಲ್ ಭಗಿನಿಯರು ಮಂಗಳೂರಿಗೂ ಬಂದರು. ಬಳ್ಳಾರಿಯ ಆ 60 ಹುಡುಗಿಯರನ್ನು ನೆನೆದರೆ ಈ ಕಾನ್ವೆಂಟುಗಳ ಬೆಲೆ ತಿಳಿಯುತ್ತದೆ. ಅವು ಮೊದಮೊದಲು ಹೆಚ್ಚಾಗಿ ಪಟ್ಟಣದವರಿಗೆ ದೊರೆತವು, ಹಳ್ಳಿಯ ಕನ್ನಡದ ಹುಡುಗಿಗೆ ಬಹುಕಾಲ ದೂರವೇ ಉಳಿದವು ಎಂಬುದೂ ನಿಜ.

ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ ಚಾಪೆಯದು. ಒಂದೇ ಚಾಪೆಯ ಮೇಲೆ ಯಾರು ಯಾರು ಕೂರಬಹುದು? ಕೆಳಜಾತಿಯೆನಿಸಿಕೊಂಡವರ ಮಕ್ಕಳನ್ನು ಸೇರಿಸಿಕೊಂಡಾಗ ಉಳಿದವರು ಶಾಲೆ ಬಿಟ್ಟು ಹೋದ ಪ್ರಸಂಗಗಳು ಮಿಷನ್ ಶಾಲೆಗಳಲ್ಲಿ ಮತ್ತೆ ಮತ್ತೆ ನಡೆದವು. ಕೆಲವರು ಗಟ್ಟಿಯಾಗಿ ನಿಂತರು. ಕೆಲವರು ಹೆದರಿ ಬೇರೆ ಚಾಪೆ ಹಾಸಿದರು. ನಮ್ಮವರೆಲ್ಲ ಧೀರರಾಗಿದ್ದರು ಎಂದು ಹೇಳಿಕೊಳ್ಳುವುದು ಸತ್ಯಕ್ಕೆ ಅಪಚಾರ. ಈ ಬಾಗಿಲನ್ನು ತೆರೆದವರು ಕ್ರೈಸ್ತರು ಮಾತ್ರವೂ ಅಲ್ಲ. ಮಂಗಳೂರಿನ ಕುದ್ಮುಲ್ ರಂಗರಾಯರು ಸ್ವಜಾತಿಯವರ ಬಹಿಷ್ಕಾರವನ್ನು ಸಹಿಸಿ 1892ರಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು.

ಅಂತರಘಟ್ಟೆಯಂಥ ಹಳ್ಳಿಗಳಿಗೆ ಹೊಸ ಶಾಲೆಯ ದಾರಿ ಮಾಡಿದ್ದು ಇನ್ನೊಂದು ಯೋಜನೆ. ಚಿಕ್ಕಮಗಳೂರು ಜಿಲ್ಲೆಗೆ ಆಗ ಕಡೂರು ಜಿಲ್ಲೆ ಎಂದು ಹೆಸರು. 1947ರವರೆಗೂ ಹಾಗೇ ಇತ್ತು. ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯಲ್ಲಿದ್ದ ಬಿ. ಎಲ್. ರೈಸ್ 1868ರಲ್ಲಿ ಹೋಬಳಿಗೊಂದು ಕನ್ನಡ ಶಾಲೆ ಎಂಬ ಯೋಜನೆಯನ್ನು ಮುಂದಿಟ್ಟರು. ಶಾಸನಗಳ ರೈಸ್ ಎಂದು ನಾವು ಬಲ್ಲ ಅವರೇ ಇವರು. ಇವರ ತಂದೆ ಬೆಂಜಮಿನ್ ರೈಸ್ ಬೆಂಗಳೂರಿನಲ್ಲಿ ಶಾಲೆಗಳನ್ನು ನಡೆಸಿದ ಲಂಡನ್ ಮಿಷನ್ನಿನ ಪಾದ್ರಿ. ತಂದೆ ಮಿಷನ್ನಿನ ಶಾಲೆ ಕಟ್ಟಿದರೆ ಮಗ ಸರಕಾರದ ಶಾಲೆಯನ್ನು ಹಳ್ಳಿಯ ಹತ್ತಿರಕ್ಕೆ ತಂದರು.  ಚಿಕ್ಕಮಗಳೂರು ಧರ್ಮಕ್ಷೇತ್ರ ಸ್ಥಾಪನೆಯಾದದ್ದು ಇದಕ್ಕೆ ಬಹಳ ತಡವಾಗಿ, 1963ರಲ್ಲಿ.

ಇಂದು ನಾವು ಎಲ್ಲಿದ್ದೇವೆ? ಕೋದಂಡ ಹೋಯಿತು, 2009ರ ಶಿಕ್ಷಣ ಹಕ್ಕು ಕಾಯಿದೆ ಮಕ್ಕಳನ್ನು ಹೊಡೆಯುವುದನ್ನೇ ನಿಷೇಧಿಸಿದೆ. ಹುಡುಗಿಯರು ತರಗತಿಯಲ್ಲಿದ್ದಾರೆ. ಆದರೆ ಗಿಳಿಪಾಠ ಹೋಯಿತೇ? ಮನೆಯಲ್ಲಿ ಒಂದು ಇಂಗ್ಲಿಷ್ ಮಾತೂ ಕಿವಿಗೆ ಬೀಳದ ರೈತನ ಮಗು, ನಮ್ಮದೇ ಶಾಲೆಗಳಲ್ಲಿ, ಅರ್ಥ ತಿಳಿಯದ ಇಂಗ್ಲಿಷ್ ಪದ್ಯವನ್ನು ಒಪ್ಪಿಸುವಾಗ 1823ರ ಆ ವರದಿ ನೆನಪಾಗುತ್ತದೆ. ಅಂದು ಅರ್ಥವಾಗದ ಹಳಗನ್ನಡ, ಇಂದು ಅರ್ಥವಾಗದ ಇಂಗ್ಲಿಷ್. ಮಾಧ್ಯಮವನ್ನು ಆರಿಸುವ ಹಕ್ಕು ತಂದೆತಾಯಂದಿರದು ಎಂದು ಸುಪ್ರೀಂ ಕೋರ್ಟು 2014ರಲ್ಲಿ ತೀರ್ಪು ನೀಡಿದೆ. ಮಗ ನಮ್ಮಂತೆ ಕಷ್ಟಪಡದಿರಲಿ ಎಂದು ಇಂಗ್ಲಿಷ್ ಶಾಲೆ ಹುಡುಕುವ ತಾಯಿಯನ್ನು ದೂರುವಂತಿಲ್ಲ. ದೂರಬೇಕಾದದ್ದು, ಆ ಮಗುವಿಗೆ ಅರ್ಥವಾಯಿತೇ ಎಂದು ಕೇಳದ ನಮ್ಮನ್ನೇ. ಇಂಗ್ಲಿಷ್ ಕಲಿಸೋಣ, ಚೆನ್ನಾಗಿಯೇ ಕಲಿಸೋಣ. ಆದರೆ ಕನ್ನಡದಲ್ಲಿ ಪ್ರಶ್ನೆ ಕೇಳಿದ ಮಗುವಿಗೆ ದಂಡ ಹಾಕುವ ಶಾಲೆ ಎಲ್ಲಾದರೂ ಉಳಿದಿದ್ದರೆ ಅದು ನಮ್ಮ ಪರಂಪರೆಗೆ ಸೇರಿದ್ದಲ್ಲ. ಶಿಕ್ಷಕರ ಪಾಲಕ ಸಂತ ಜಾನ್ ಬ್ಯಾಪ್ಟಿಸ್ಟ್ ದೆ ಲಾ ಸಾಲ್ ಹದಿನೇಳನೆಯ ಶತಮಾನದ ಫ್ರಾನ್ಸಿನಲ್ಲಿ ಬಡಮಕ್ಕಳಿಗೆ ಮೊದಲು ಓದಲು ಕಲಿಸಿದ್ದು ಲ್ಯಾಟಿನ್ನಿನಲ್ಲಲ್ಲ, ಅವರ ಮನೆಮಾತಾದ ಫ್ರೆಂಚಿನಲ್ಲಿ.

ಪ್ರಭು ಯೇಸು ಏನನ್ನಾದರೂ ಬರೆದರೆಂದು ಶುಭಸಂದೇಶಗಳಲ್ಲಿ ನಾವು ಓದುವುದು ಒಂದೇ ಸಲ. ಅದೂ ಬಗ್ಗಿ, ಬೆರಳಿನಿಂದ, ನೆಲದ ಮೇಲೆ. ಸುತ್ತಲಿನವರೆಲ್ಲ ಕಲ್ಲು ಹಿಡಿದು ನಿಂತಿದ್ದಾಗ ಒಬ್ಬಳ ಜೀವ ಉಳಿಸಿದ ಗಳಿಗೆ ಅದು. ಏನು ಬರೆದರೋ ಯೊವಾನ್ನರು ಹೇಳುವುದಿಲ್ಲ. ನಮ್ಮ ಮೊದಲ ಶಾಲೆಯ ಮಕ್ಕಳೂ ಹಾಗೆಯೇ ಮಣ್ಣಿನ ಮೇಲೆ ಬಾಗಿ ಬೆರಳಾಡಿಸಿದವರು. ಅವರ ಮುಂದೆ ತಾನೂ ಬಾಗಿ, ಕೈಹಿಡಿದು ತೀಡಿಸಿದ ಗುರುವಿನಿಂದಲೇ ಅವರಿಗೆ ಅಕ್ಷರ ಬಂದದ್ದು. ಹೊಸ ಶಾಲಾ ವರ್ಷದ ಬಾಗಿಲಲ್ಲಿ ನಿಲ್ಲುವ ನಮ್ಮ ಶಿಕ್ಷಕರಿಗೆ, ಭಗಿನಿಯರಿಗೆ ಮತ್ತು ತಂದೆತಾಯಂದಿರಿಗೆ ಹಾಗೆ ಬಾಗುವ ಮನಸ್ಸನ್ನು ದೇವರು ಕೊಡಲಿ.