ಕಿವಿಯ ಮುಂದಿನ ಕೀಲು

ಎರಡೂ ತೋರುಬೆರಳುಗಳನ್ನು ಕಿವಿಯ ಮುಂದೆ, ಕಿವಿಗೆ ತಾಗಿದ ಹಾಗೆ ಇಟ್ಟುಕೊಂಡು ಒಮ್ಮೆ ನಿಧಾನವಾಗಿ ಬಾಯಿ ತೆರೆದು ಮುಚ್ಚಿ ನೋಡಿ. ಬೆರಳ ಕೆಳಗೆ ಏನೋ ಉರುಳಿ ಮುಂದಕ್ಕೆ ಜಾರಿದ ಹಾಗಾಗುತ್ತೆ ಅಲ್ವಾ? ಅದೇ ದವಡೆಯ ಕೀಲು. ಮಾತಾಡುವಾಗ, ಉಣ್ಣುವಾಗ, ಆಕಳಿಸುವಾಗ ದಿನವಿಡೀ ದುಡಿಯುತ್ತೆ. ನೋವು ಬರೋವರೆಗೂ ಅಲ್ಲೊಂದು ಕೀಲಿದೆ ಅನ್ನೋದೇ ನಮಗೆ ನೆನಪಿರಲ್ಲ.

ಈ ಕೀಲಿನ ರಚನೆಯೇ ವಿಚಿತ್ರ. ಮೊಣಕೈ ಬಾಗಿಲಿನ ಹಾಗೆ ಒಂದು ಅಚ್ಚಿನ ಮೇಲೆ ಮಡಚಿಕೊಳ್ಳುತ್ತೆ. ದವಡೆಯ ಕೀಲು ಮೊದಲು ತಿರುಗುತ್ತೆ, ಬಾಯಿ ಇನ್ನಷ್ಟು ಅಗಲವಾದಂತೆ ತಲೆಬುರುಡೆಯ ಕುಳಿಯಿಂದ ಮುಂದಕ್ಕೆ ಜಾರುತ್ತೆ. ಎಲುಬಿಗೆ ಎಲುಬು ಉಜ್ಜದಿರಲಿ ಅಂತ ನಡುವೆ ನಾರಿನಂಥ ಒಂದು ತೆಳು ಬಿಲ್ಲೆ ಇದೆ. ಕೆಳದವಡೆ ಒಂದೇ ಎಲುಬಾದ್ದರಿಂದ ಎಡಗಡೆಯ ಕೀಲು, ಬಲಗಡೆಯ ಕೀಲು ಒಂದೇ ನೊಗಕ್ಕೆ ಕಟ್ಟಿದ ಜೋಡೆತ್ತುಗಳು. ಒಂದು ಕುಂಟಿದರೆ ಇನ್ನೊಂದಕ್ಕೂ ತೊಂದರೆ. ಬಿಲ್ಲೆ ಸ್ವಲ್ಪ ಮುಂದಕ್ಕೆ ಸರಿದಿದ್ದರೆ ಬಾಯಿ ತೆರೆದಾಗ 'ಟಕ್' ಅನ್ನುತ್ತೆ. ನನ್ನ ಎಡದವಡೆಯೂ ಎಷ್ಟೋ ವರ್ಷಗಳಿಂದ ಹಾಗೇ ಅನ್ನುತ್ತಿದೆ. ನೋವಿಲ್ಲ, ಬಾಯಿ ಸಲೀಸಾಗಿ ತೆರೆಯುತ್ತೆ ಅಂದರೆ ಬರೀ ಶಬ್ದಕ್ಕೆ ಚಿಕಿತ್ಸೆ ಬೇಕಾಗಿಲ್ಲ ಅನ್ನೋದು ಇವತ್ತಿನ ವೈದ್ಯರ ಅಭಿಪ್ರಾಯ. ಈ ಸರಳ ಮಾತಿಗೆ ಬರೋಕೆ ವೈದ್ಯಲೋಕಕ್ಕೆ ಎಷ್ಟು ಕಾಲ ಹಿಡಿಯಿತು, ಅಷ್ಟರಲ್ಲಿ ಎಷ್ಟು ಜನ ಬೆಲೆ ತೆತ್ತರು ಅನ್ನೋದೇ ನಾನು ಹೇಳಹೊರಟ ಕಥೆ.

1862ರಲ್ಲಿ ಎಡ್ವಿನ್ ಸ್ಮಿತ್ ಎಂಬ ಅಮೆರಿಕದವನು ಈಜಿಪ್ಟಿನ ಲಕ್ಸರ್‌ನಲ್ಲಿ ಒಂದು ಪಪೈರಸ್ ಸುರುಳಿ ಕೊಂಡುಕೊಂಡ. ಕ್ರಿಸ್ತಪೂರ್ವ 1600ರ ಸುಮಾರಿಗೆ, ಅದಕ್ಕಿಂತಲೂ ಹಳೆಯ ಬರಹವೊಂದನ್ನು ನೋಡಿ ನಕಲು ಮಾಡಿದ್ದು ಅದು. ಜೇಮ್ಸ್ ಹೆನ್ರಿ ಬ್ರೆಸ್ಟೆಡ್ ಅನುವಾದ ಮಾಡಿ 1930ರಲ್ಲಿ ಪ್ರಕಟಿಸಿದ ಮೇಲೆ ಅದರಲ್ಲೇನಿದೆ ಅಂತ ಲೋಕಕ್ಕೆ ತಿಳಿಯಿತು: ಗಾಯ, ಮೂಳೆಮುರಿತಗಳ 48 ಪ್ರಕರಣಗಳು. ಇಪ್ಪತ್ತೈದನೆಯದು ಕೀಲು ತಪ್ಪಿ, ತೆರೆದ ಬಾಯಿ ಮುಚ್ಚಲಾಗದವನದು. ಎರಡೂ ಹೆಬ್ಬೆರಳನ್ನು ಬಾಯೊಳಗೆ ದವಡೆಯ ಹಿಂತುದಿಯ ಮೇಲಿಟ್ಟು, ಉಳಿದ ಬೆರಳುಗಳನ್ನು ಗದ್ದದ ಕೆಳಗೆ ಹಿಡಿದು, ದವಡೆಯನ್ನು ಸ್ವಸ್ಥಾನಕ್ಕೆ ತರಬೇಕು ಅಂತ ಅದು ಹೇಳುತ್ತೆ. ಇವತ್ತು ಆಸ್ಪತ್ರೆಯ ತುರ್ತು ವಿಭಾಗದಲ್ಲೂ ಹೆಚ್ಚುಕಡಿಮೆ ಹೀಗೇ ಮಾಡ್ತಾರೆ. ಬೆರಳಿಗೆ ಬಟ್ಟೆ ಸುತ್ತಿಕೊಂಡು, ಕೆಳಕ್ಕೆ ಒತ್ತಿ ಹಿಂದಕ್ಕೆ ತಳ್ಳುತ್ತಾರೆ. ಮೂರೂವರೆ ಸಾವಿರ ವರ್ಷದಲ್ಲಿ ಇಷ್ಟು ಕಡಿಮೆ ಬದಲಾದ ಚಿಕಿತ್ಸೆಗಳು ಬೆರಳೆಣಿಕೆಯಷ್ಟೂ ಇರಲಾರವು.

ನಮ್ಮ ಹಳಬರೂ ಹಿಂದೆ ಬಿದ್ದಿರಲಿಲ್ಲ. ಸಂಸ್ಕೃತದಲ್ಲಿ ದವಡೆಗೆ 'ಹನು' ಅಂತಾರೆ. ಇಂದ್ರನ ವಜ್ರಾಯುಧದ ಪೆಟ್ಟಿನಿಂದ ಹನು ಮುರಿದವನು ಹನುಮಂತ. ಅಂಜನಾದ್ರಿಯ ಮೆಟ್ಟಿಲು ಹತ್ತುವವರಲ್ಲಿ ಎಷ್ಟು ಜನಕ್ಕೆ ತಾವು ನೋಡಹೊರಟಿರೋದು ದವಡೆಯ ಹೆಸರಿನ ದೇವರನ್ನು ಅಂತ ಹೊಳೆದಿರುತ್ತೋ! ಸುಶ್ರುತ ಸಂಹಿತೆಯಲ್ಲಿ ತಪ್ಪಿದ ದವಡೆಗೆ ಮೊದಲು ಶಾಖ ಕೊಟ್ಟು, ಕೂರಿಸಿ, ಆಮೇಲೆ 'ಪಂಚಾಂಗೀ' ಎಂಬ ಪಟ್ಟಿ ಕಟ್ಟುವ ವಿಧಾನ ಇದೆ. ವಾಗ್ಭಟನ ಅಷ್ಟಾಂಗ ಹೃದಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕಾರಣ ಹುಡುಕುತ್ತೆ. ನಾಲಿಗೆಯನ್ನು ಅತಿಯಾಗಿ ಹೆರೆಯೋದು, ಒಣ ಪದಾರ್ಥ ಅಗಿಯೋದು, ಪೆಟ್ಟು ಬೀಳೋದು, ಇವುಗಳಿಂದ ವಾತ ಕೆರಳಿ ಬಾಯಿ ತೆರೆದೇ ಉಳಿಯಬಹುದು ಅಥವಾ ಮುಚ್ಚಿಯೇ ಉಳಿಯಬಹುದು ಅನ್ನುತ್ತೆ. ವಾತದ ಲೆಕ್ಕ ಬದಿಗಿಡಿ, ದವಡೆಗೆ ಅತಿಕೆಲಸ ಒಳ್ಳೆಯದಲ್ಲ ಅನ್ನೋ ಗ್ರಹಿಕೆ ಅದರಲ್ಲಿದೆ.

ಕೀಲು ತಪ್ಪಿದ್ದು ಕಣ್ಣಿಗೆ ಕಾಣುತ್ತೆ, ಕೈಗೆ ಸಿಗುತ್ತೆ, ಅದಕ್ಕೇ ಅದರ ಚಿಕಿತ್ಸೆ ಬೇಗ ಸಿಕ್ಕಿತು. ನೋವು ಹಾಗಲ್ಲ. ಬಾಯಿ ನೆಟ್ಟಗೇ ಇದೆ, ಆದರೆ ಅಗಿದರೆ ನೋವು, ಬೆಳಿಗ್ಗೆ ಎದ್ದರೆ ಕೆನ್ನೆ ಬಿಗಿ, ಕಿವಿಯಲ್ಲಿ ಗುಂಯ್ ಅನ್ನೋ ಸದ್ದು. ಇಂಥವರು ಎಲ್ಲಿಗೆ ಹೋಗಬೇಕು? ಕಿವಿಯ ಡಾಕ್ಟರಿಗಾ, ಹಲ್ಲಿನ ಡಾಕ್ಟರಿಗಾ, ನರದ ಡಾಕ್ಟರಿಗಾ? ಯಾರ ಹತ್ತಿರ ಹೋದರೆ ಅವರ ಸಾಮಾನಿಗೆ ತಕ್ಕ ಕಾಯಿಲೆ ಸಿಕ್ಕಿತು. ಮುಂದಿನ ಇತಿಹಾಸವೆಲ್ಲ ಇದೇ.

1887ರಲ್ಲಿ ಎಡಿನ್‌ಬರೋದ ಶಸ್ತ್ರವೈದ್ಯ ಥಾಮಸ್ ಅನ್ನಂಡೇಲ್, ಸರಿದುಹೋದ ಬಿಲ್ಲೆಯನ್ನು ಕೊಯ್ದು ಹುಡುಕಿ, ಹೊಲಿಗೆ ಹಾಕಿ ಕೂರಿಸಿದ್ದನ್ನು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದ. ಮಂಡಿಯೊಳಗಿನ ಬಿಲ್ಲೆಗೆ ಹೊಲಿಗೆ ಹಾಕಿ ಗೆದ್ದವನು ಅವನೇ. ಮಂಡಿಗೆ ಒಪ್ಪಿದ್ದು ದವಡೆಗೂ ಒಪ್ಪೀತು ಅನ್ನೋದು ಅವನ ತರ್ಕ.

1934ರಲ್ಲಿ ಸೇಂಟ್ ಲೂಯಿಸ್‌ನ ಕಿವಿ-ಮೂಗು-ಗಂಟಲು ವೈದ್ಯ ಜೇಮ್ಸ್ ಕಾಸ್ಟೆನ್ ಬರೆದ ಲೇಖನ ಇದಕ್ಕಿಂತ ದೊಡ್ಡ ಸದ್ದು ಮಾಡಿತು. ಕಿವಿ ಕಟ್ಟಿಕೊಳ್ಳೋದು, ತಲೆಸುತ್ತು, ತಲೆನೋವು ಅಂತ ಬಂದಿದ್ದ 11 ರೋಗಿಗಳನ್ನು ನೋಡಿ ಅವನು ಒಂದು ಎಳೆ ಹಿಡಿದ: ಹಿಂದಿನ ಹಲ್ಲುಗಳು ಬಿದ್ದುಹೋದಾಗ ಕೆಳದವಡೆ ಮಿತಿಮೀರಿ ಮೇಲೇರುತ್ತೆ, ಅದರ ತಲೆ ಹಿಂದಕ್ಕೆ ಸರಿದು ನರವನ್ನೂ ಕಿವಿಯ ನಳಿಕೆಯನ್ನೂ ಒತ್ತುತ್ತೆ. ಹಲ್ಲಿನ ಎತ್ತರ ಸರಿಮಾಡಿದರೆ ಎಲ್ಲ ಸರಿ. ಕಾಯಿಲೆಗೆ ಅವನದೇ ಹೆಸರು ಬಂತು. ವಿವರಣೆ ಎಷ್ಟು ಚೊಕ್ಕವಾಗಿತ್ತು ಅಂದರೆ ದಂತವೈದ್ಯರಿಗೆ ಒಂದು ಹೊಸ ರಾಜ್ಯವೇ ಸಿಕ್ಕ ಹಾಗಾಯಿತು. ಹಲ್ಲು ಏರಿಸು, ಹಲ್ಲು ಉಜ್ಜಿ ಇಳಿಸು, ಕಚ್ಚುವಿಕೆ ಸರಿಮಾಡು. 1948ರಲ್ಲಿ ಅಂಗರಚನಾ ತಜ್ಞ ಹ್ಯಾರಿ ಸಿಷರ್, ಕಾಸ್ಟೆನ್ ಹೇಳಿದ ಹಾಗೆ ದವಡೆಯ ತಲೆ ಆ ನರವನ್ನು ಒತ್ತೋಕೆ ದೇಹರಚನೆಯಲ್ಲಿ ದಾರಿಯೇ ಇಲ್ಲ ಅಂತ ತೋರಿಸಿದ. ಅಷ್ಟಾದರೂ ಹಲ್ಲು ಉಜ್ಜೋದು ನಿಲ್ಲಲಿಲ್ಲ. ರೋಗಿಗಳಿಗೆ ಗುಣವಾಗ್ತಿದೆಯಲ್ಲ, ಮತ್ತೇನು ಬೇಕು?

ಈ ಪ್ರಶ್ನೆಗೆ ಸಿಕ್ಕ ಉತ್ತರವೇ ನನ್ನ ಪ್ರಕಾರ ಈ ಕಥೆಯ ತಿರುವು. 1950ರ ದಶಕದಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಲಾಸ್ಲೋ ಷ್ವಾರ್ಟ್ಸ್, ನೋವಿನ ಮೂಲ ಎಷ್ಟೋ ಸಲ ಕೀಲಲ್ಲ, ಅಗಿಯುವ ಸ್ನಾಯುಗಳು ಅಂತ ಹೇಳತೊಡಗಿದ್ದ. 1969ರಲ್ಲಿ ಡೇನಿಯಲ್ ಲಾಸ್ಕಿನ್, ಮನಸ್ಸಿನ ಒತ್ತಡದಿಂದ ಹಲ್ಲು ಕಚ್ಚಿಕೊಳ್ಳೋದು, ಅದರಿಂದ ಸ್ನಾಯು ದಣಿದು ಸೆಟೆದುಕೊಳ್ಳೋದು ಅನ್ನೋ ವಾದ ಮಂಡಿಸಿದ. ಲಾಸ್ಕಿನ್, ಗುಡ್‌ಮನ್, ಗ್ರೀನ್ ಸೇರಿ 1976ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. 25 ರೋಗಿಗಳಿಗೆ ಹಲ್ಲು ಉಜ್ಜಿ ಸರಿಮಾಡುವ ಹಾಗೆ ನಟಿಸಿದರು ಅಷ್ಟೆ, ಕಚ್ಚುವಿಕೆಯನ್ನು ಮುಟ್ಟಲೇ ಇಲ್ಲ. 16 ಜನ ನೋವು ಪೂರ್ತಿ ಅಥವಾ ಬಹುಪಾಲು ಹೋಯಿತು ಅಂದರು! ಅಂದರೆ ನೋವು ಸುಳ್ಳು ಅಂತಲ್ಲ. ಈ ನೋವು ತಾನಾಗೇ ಏರುತ್ತೆ, ಇಳಿಯುತ್ತೆ. ಯಾರೋ ಕೂತು ವಿಚಾರಿಸಿ, ಗಮನ ಕೊಟ್ಟರೂ ಇಳಿಯುತ್ತೆ. ಉಜ್ಜಿದ್ದರಿಂದ ವಾಸಿಯಾಯಿತು ಅನ್ನೋಕೆ ಪುರಾವೆ ಇಲ್ಲದಿದ್ದ ಮೇಲೆ, ಮತ್ತೆ ಬೆಳೆಯದ ಹಲ್ಲಿನ ಹೊದಿಕೆಯನ್ನು ಯಾಕೆ ಕಳಕೊಳ್ಳಬೇಕು?

ಅಲ್ಲಿಗೆ ಎಚ್ಚರವಾಗಬೇಕಿತ್ತು. ಆದರೆ 70ರ ದಶಕದಲ್ಲೇ ಕೀಲಿಗೆ ಬಣ್ಣ ಚುಚ್ಚಿ ಎಕ್ಸ್‌ರೇ ತೆಗೆಯುವ ವಿಧಾನ ಚಾಲ್ತಿಗೆ ಬಂತು, ಸರಿದ ಬಿಲ್ಲೆ ಕಣ್ಣಿಗೆ ಕಾಣಿಸಿತು. ಕಂಡದ್ದನ್ನು ಸರಿಮಾಡದೆ ಬಿಡೋದು ಹೇಗೆ? ಬಿಲ್ಲೆ ತೆಗೆದು ಕೃತಕ ತುಂಡು ಕೂರಿಸುವ ಶಸ್ತ್ರಚಿಕಿತ್ಸೆ ಜೋರಾಯಿತು. ಟೆಕ್ಸಾಸ್‌ನ ಹೂಸ್ಟನ್‌ನಲ್ಲಿದ್ದ ವೈಟೆಕ್ ಕಂಪನಿ ಪ್ರೋಪ್ಲಾಸ್ಟ್ ಮತ್ತು ಟೆಫ್ಲಾನ್ ಸೇರಿಸಿ ಅಂಥ ತುಂಡು ಮಾಡಿತ್ತು. ಟೆಫ್ಲಾನ್ ಅಂದರೆ ನಮ್ಮ ದೋಸೆ ತವಾದ ಮೇಲಿನ ಅದೇ ಲೇಪ. 1983ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಅದಕ್ಕೆ ದಾರಿ ಬಿಟ್ಟಿತು. ಮಾರುಕಟ್ಟೆಯಲ್ಲಿ ಈಗಾಗಲೇ ಇರುವ ವಸ್ತುವನ್ನು ಹೋಲುತ್ತೆ ಅನ್ನೋ ಆಧಾರದ ಮೇಲೆ.

ಕೀಲಿನ ಮೇಲಿನ ಒತ್ತಡಕ್ಕೆ ಆ ತುಂಡು ಸವೆದು ಪುಡಿಯಾಯಿತು. ಆ ಕಣಗಳನ್ನು ಹೊರಗಿನ ಶತ್ರು ಅಂತ ತಿಳಿದು ದೇಹ ಹೋರಾಡಿತು, ಆ ಹೋರಾಟದಲ್ಲಿ ಸುತ್ತಲಿನ ಎಲುಬು ಕರಗಿತು. ಕೆಲವರಿಗೆ ತಲೆಬುರುಡೆಯ ಎಲುಬೂ ತೂತಾಯಿತು. 1990ರಲ್ಲಿ ಕಂಪನಿ ದಿವಾಳಿ ಎದ್ದಿತು, ಅದೇ ಡಿಸೆಂಬರ್‌ನಲ್ಲಿ ಸರ್ಕಾರದ ಎಚ್ಚರಿಕೆ ಹೊರಬಿತ್ತು. ಅಷ್ಟರಲ್ಲಿ ಸಾವಿರಾರು ಜನರ ದವಡೆಯಲ್ಲಿ ಅದು ಕೂತಾಗಿತ್ತು. 'ಟಕ್' ಅನ್ನುತ್ತೆ, ನೋಯುತ್ತೆ ಅಂತ ಹೋದವರು ಮತ್ತೆ ಮತ್ತೆ ಕೊಯ್ಸಿಕೊಂಡರು. ಕೆಲವರು ಘನ ಆಹಾರ ಅಗಿಯುವ ಶಕ್ತಿಯನ್ನೇ ಕಳಕೊಂಡರು. ಈ ನೋವಿಗೆ ಚಿಕಿತ್ಸೆ ಹುಡುಕಿಕೊಂಡು ಬರುವವರಲ್ಲಿ ಹೆಂಗಸರೇ ಹೆಚ್ಚು. 'ನಿಮಗೆ ಟೆನ್ಷನ್ ಜಾಸ್ತಿ' ಅನ್ನಿಸಿಕೊಂಡು ವಾಪಸ್ ಬಂದವರೂ ಅವರೇ, ಒಂದಾದ ಮೇಲೊಂದು ಆಪರೇಷನ್ನಿಗೆ ಮಲಗಿದವರೂ ಅವರೇ. ಅಂಥವರಲ್ಲೊಬ್ಬರು ಟೆರ್ರಿ ಕೌಲಿ. ಅವರು ಮಿಲ್ವಾಕಿಯಲ್ಲಿ 1986ರಲ್ಲಿ ರೋಗಿಗಳ ಸಂಘ ಕಟ್ಟಿದವರಲ್ಲಿ ಒಬ್ಬರು. 1992ರಲ್ಲಿ ಈ ತುಂಡುಗಳ ವಿಷಯ ಅಮೆರಿಕದ ಸಂಸತ್ತಿನ ಉಪಸಮಿತಿಯ ಮುಂದೆ ವಿಚಾರಣೆಗೆ ಬಂತು.

ಶಸ್ತ್ರಚಿಕಿತ್ಸೆಯೇ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಜಪಾನಿನ ಮಸಾತೋಷಿ ಓನಿಷಿ 1975ರಲ್ಲಿ ಈ ಕೀಲಿನೊಳಗೆ ಸಣ್ಣ ದುರ್ಬೀನು ಇಳಿಸಿ ನೋಡಿದ್ದನ್ನು ವರದಿ ಮಾಡಿದ. 1991ರಲ್ಲಿ ಜೆರುಸಲೇಮಿನ ಡೋರಿಟ್ ನಿಟ್ಜನ್ ಮತ್ತು ಸಂಗಡಿಗರು, ಸಿಕ್ಕಿಕೊಂಡ ಕೀಲನ್ನು ಎರಡು ಸೂಜಿ ಚುಚ್ಚಿ ದ್ರವದಿಂದ ತೊಳೆದರೂ ಬಾಯಿ ತೆರೆಯುತ್ತೆ ಅಂತ ತೋರಿಸಿದರು. ಬಿಲ್ಲೆ ಸರಿದ ಜಾಗದಲ್ಲೇ ಇದ್ದರೂ ರೋಗಿ ಆರಾಮಾಗಬಹುದು ಅಂತ ಇದರಿಂದ ಗೊತ್ತಾಯಿತು. ಬಿಲ್ಲೆಯನ್ನು ಜಾಗಕ್ಕೆ ತಂದೇ ತೀರಬೇಕೆಂಬ ಹಟ ಸಡಿಲಾಯಿತು. 1996ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಭೆಯೂ ಮೊದಲು ಸೌಮ್ಯ ಚಿಕಿತ್ಸೆ ಮಾಡಿ ಅಂದಿತು. 2023ರಲ್ಲಿ 'ಬಿಎಂಜೆ'ಯಲ್ಲಿ ಬಂದ ಮಾರ್ಗಸೂಚಿ, ದೀರ್ಘಕಾಲದ ದವಡೆನೋವಿಗೆ ದವಡೆಯ ವ್ಯಾಯಾಮ, ಕೈಯಿಂದ ಮಾಡುವ ಫಿಸಿಯೋಥೆರಪಿ, ನೋವಿನ ಜೊತೆ ಬದುಕೋದನ್ನು ಕಲಿಸುವ ಮನೋಚಿಕಿತ್ಸೆ, ಇವುಗಳನ್ನು ಮುಂದಿಟ್ಟಿತು. ಹಲ್ಲಿನ ಕಚ್ಚುವಿಕೆಯನ್ನು ಶಾಶ್ವತವಾಗಿ ಬದಲಿಸುವ ಸಾಧನಗಳು ಮತ್ತು ಬಿಲ್ಲೆ ತೆಗೆಯುವ ಆಪರೇಷನ್ ಬೇಡ ಅಂತ ಖಡಾಖಂಡಿತವಾಗಿ ಹೇಳಿತು.

ನಮ್ಮ ಕಡೆಗೆ ಬಂದರೆ ಇನ್ನೊಂದು ಎಚ್ಚರಿಕೆ ಬೇಕು. ಬಾಯಿ ತೆರೆಯೋಕೆ ಆಗಲ್ಲ ಅಂದಾಗಲೆಲ್ಲ ಅದು ಕೀಲಿನದೇ ತೊಂದರೆ ಅಲ್ಲ. ಗುಟ್ಕಾ, ಅಡಿಕೆ ಹಾಕುವವರಲ್ಲಿ ಕೆನ್ನೆಯ ಒಳಪೊರೆ ನಾರುಗಟ್ಟಿ ಬಾಯಿ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತೆ. ಅದು ಕ್ಯಾನ್ಸರಿಗೆ ತಿರುಗಬಹುದಾದ ಕಾಯಿಲೆ. ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಗಿದೆ, ಚಟ ಮಾತ್ರ ನಿಂತಿಲ್ಲ. ಗಾಯವಾದ ಮೇಲೆ ಬಾಯಿ ಬಿಗಿದುಕೊಂಡರೆ ಧನುರ್ವಾಯು ಇರಬಹುದು, ತಡಮಾಡದೆ ಆಸ್ಪತ್ರೆಗೆ ಓಡಬೇಕು. ನಡೆದಾಗ, ಮೆಟ್ಟಿಲು ಹತ್ತಿದಾಗ ದವಡೆ ಹಿಡಿದುಕೊಂಡರೆ ಹೃದಯ ತೋರಿಸಬೇಕು.

ಇವು ಯಾವುದೂ ಅಲ್ಲ, ಮಾಮೂಲಿ ಕೀಲಿನ ನೋವು ಅಂತಾದರೆ ಹೆದರಬೇಕಿಲ್ಲ. ಕೆಲವು ವಾರ ಮೆತ್ತಗಿನ ಊಟ, ಬಿಸಿ ಬಟ್ಟೆಯ ಶಾಖ, ಬಾಯಿ ಅಗಲಿಸದೆ ಆಕಳಿಸೋದು, ಚೂಯಿಂಗ್ ಗಮ್ ಬಿಡೋದು ಸಾಕಾಗಬಹುದು. ಸುಮ್ಮನಿರುವಾಗ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ತಾಗಿರಬಾರದು ಅನ್ನೋದು ಬಹಳ ಜನಕ್ಕೆ ಗೊತ್ತೇ ಇಲ್ಲ. ತುಟಿ ಮುಚ್ಚಿರಲಿ, ಹಲ್ಲು ಬಿಟ್ಟಿರಲಿ. 'ಹಲ್ಲು ಕಚ್ಚಿಕೊಂಡು ಸಹಿಸಿಕೋ' ಅಂತ ಮಕ್ಕಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ ಹೇಳಿಕೊಂಡು ಬಂದವರು ನಾವು. ದವಡೆಯ ಮಟ್ಟಿಗೆ ಅದು ಒಳ್ಳೆಯ ಬುದ್ಧಿವಾದ ಅಲ್ಲ.

ಅಷ್ಟಕ್ಕೂ ನೋವು ಹೋಗದೆ, ಯಾರಾದರೂ ಹಲ್ಲು ಉಜ್ಜಬೇಕು, ಕೊಯ್ಯಬೇಕು ಅಂದರೆ ಒಂದೇ ಪ್ರಶ್ನೆ ಕೇಳಿ: 'ಸಾರ್, ಗುಣವಾಗದಿದ್ದರೆ ಇದನ್ನು ಮೊದಲಿನ ಹಾಗೆ ಮಾಡೋಕಾಗುತ್ತಾ?' ಆಗಲ್ಲ ಅನ್ನೋ ಉತ್ತರ ಬಂದರೆ, ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುವವರೆಗೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಡಿ.